ಮಾವಶಿಯ ಫೋಲ್ಡರ್

ಟೈಪ್ ಮಾಡಲು ಕೂರುವ ಮೊದಲು ಮಾವಶಿ ಹಸಿರು ಬಳೆಗಳನ್ನು ಮುಂಗೈ ಮೇಲೆ ಎಷ್ಟು ಏರುತ್ತವೋ ಅಷ್ಟು ಏರಿಸಿ ಬಿಗಿ ಮಾಡಿಕೊಳ್ಳುತ್ತಿದ್ದರು. ಬಳೆ ಸದ್ದು ಮಾಡಿದರೆ ಅಕ್ಷರ ತಪ್ಪುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಸಂಜೆ ಅವನ್ನು ಕೆಳಗಿಳಿಸಿದಾಗ ಕೈ ಮೇಲೆ ಸಾಲಾಗಿ ಕೆಂಪು ಗೆರೆಗಳು ಎದ್ದಿರುತ್ತಿದ್ದವು. ಗಂಡ ತೀರಿಹೋದಾಗ ಬಂಧುಗಳು ಈ ಬಳೆಗಳ ಮಾತು ತೆಗೆದಿದ್ದರಂತೆ. "ಇವು ಅವರು ಇಡಿಸಿದ್ದಲ್ಲ, ನಮ್ಮವ್ವ ಇಡಿಸಿದ್ದು. ಅವರು ಬರೂದಕ್ಕಿಂತ ಮೊದಲಾ ನನ್ನ ಕೈಯಾಗಿದ್ದವು" ಎಂದು ಹೇಳಿ, ವಿಭೂತಿ ಹಚ್ಚಿಕೊಂಡು, ಮರುವಾರವೇ ಟೈಪಿಂಗ್ ಕ್ಲಾಸಿನ ಬಾಗಿಲು ತೆರೆದವರು ಅವರು.

ಮಾವಶಿ ಎಂದರೆ ಮರಾಠಿಯಲ್ಲಿ ತಾಯಿಯ ತಂಗಿ. ನನಗೆ ರಕ್ತಸಂಬಂಧವೇನೂ ಇರಲಿಲ್ಲ. ಉಮರ್ಗಾದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಕ್ಲಾಸಿಗೆ ಬಂದ ಹುಡುಗಿಯರೆಲ್ಲ ಹಾಗೇ ಕರೆಯುತ್ತಿದ್ದರು, ಹುಡುಗಿಯರನ್ನು ಬಿಡಲು ಬಂದ ಅಪ್ಪಂದಿರೂ ಹಾಗೇ ಕರೆಯುತ್ತಿದ್ದರು. ನಾನು ಮಾಕಣಿಯವಳು, ಹೊಲಮನೆಯ ಹುಡುಗಿ. ಹನ್ನೆರಡನೆಯ ತರಗತಿ ಮುಗಿಸಿ ಅಲ್ಲಿಗೆ ಹೋದಾಗ ನನಗೆ ಬರುತ್ತಿದ್ದದ್ದು ಎರಡೇ ವಿದ್ಯೆ: ಜಗಳ ಮತ್ತು ಜೋರಾಗಿ ಮಾತಾಡುವುದು. ಮೊದಲ ದಿನವೇ ಪಕ್ಕದವಳ ಜೊತೆ ಕುರ್ಚಿಗಾಗಿ ಹೊಡೆದಾಡಿದೆ. ಮಾವಶಿ ಇಬ್ಬರ ಕುರ್ಚಿಯನ್ನೂ ಕಸಿದು, "ನಿಂತs ಟೈಪ್ ಮಾಡ್ರಿ ಇವತ್ತು. ಕಾಲು ನೊಂದ್ರ ಬಾಯಿ ಸುಮ್ಮನಾಗ್ತದ" ಎಂದರು.

ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ನಮ್ಮ ಕಡೆ ಟೈಪಿಂಗ್ ಕಲಿಯುವುದು ಎಂದರೆ ಮರಾಠಿ ಕಲಿಯುವುದು. ಸರ್ಕಾರಿ ಪರೀಕ್ಷೆ ಅದರಲ್ಲಿ, ನೌಕರಿ ಅದರಲ್ಲಿ. ಆದರೆ ಈ ಸೀಮೆಯಲ್ಲಿ ಕನ್ನಡ ಶಾಲೆಗಳೂ ಇವೆ, ಅವಕ್ಕೆ ಪ್ರಶ್ನೆಪತ್ರಿಕೆ ಬೇಕು, ದಾಖಲೆ ಬೇಕು, ಲಗ್ನಪತ್ರಿಕೆ ಬೇಕಾದವರೂ ಇದ್ದಾರೆ. ಇದಕ್ಕಾಗಿ ಮಾವಶಿಯ ಯಜಮಾನರು ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದರು. ಮರಾಠಿಯ 'ಕ' ಇರುವ ಕೀಲಿ ಒತ್ತಿದರೆ ಕನ್ನಡದ 'ಕ' ಬೀಳುವಂತೆ ಮಾಡಿದ್ದರು. ಮರಾಠಿ ಕಲಿತ ಬೆರಳು ಹೊಸದೇನನ್ನೂ ಕಲಿಯದೆ ಕನ್ನಡ ಟೈಪ್ ಮಾಡುತ್ತಿತ್ತು. ಯಾವ ಅಕ್ಷರ ಎಲ್ಲಿ ಇರಬೇಕು ಎಂದು ಹೇಳಿದವರು ಮಾವಶಿ, ಅದನ್ನು ಕಂಪ್ಯೂಟರಿಗೆ ತಿಳಿಯುವಂತೆ ಬರೆದವರು ಯಜಮಾನರು. 'ಳ' ಯಾವ ಕೀಲಿಗೆ ಬರಬೇಕು ಎಂಬ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟಿದ್ದರಂತೆ. ಯಜಮಾನರು ತೀರಿಕೊಳ್ಳುವ ಹೊತ್ತಿಗೆ ಲೋಹಾರಾದಿಂದ ಜಳಕೋಟದವರೆಗೆ ಕನ್ನಡ ಶಾಲೆ ಇದ್ದಲ್ಲೆಲ್ಲ ಆ ಪ್ರೋಗ್ರಾಂ ಇತ್ತು.

ಅದಕ್ಕೆ ಒಬ್ಬನೇ ವೈರಿ, ಆಂಟಿವೈರಸ್. ಪ್ರೋಗ್ರಾಂ ಮಾಡುತ್ತಿದ್ದದ್ದು ಇಷ್ಟೇ: ನೀವು ಒತ್ತಿದ ಕೀಲಿಯನ್ನು ನೋಡಿ ಅದರ ಬದಲು ಇನ್ನೊಂದು ಅಕ್ಷರ ಕೊಡುವುದು. ಪಾಸ್‌ವರ್ಡ್ ಕದಿಯುವ ಕಳ್ಳ ಪ್ರೋಗ್ರಾಂಗಳೂ ಹೀಗೇ ಕೀಲಿಗಳನ್ನು ಕಾಯುತ್ತ ಕೂತಿರುತ್ತವೆ. ಹಾಗಾಗಿ ಆಂಟಿವೈರಸ್ ಇದನ್ನೂ ಕಳ್ಳ ಎಂದು ಹಿಡಿದು ಒಳಗೆ ಹಾಕಿಬಿಡುತ್ತಿತ್ತು. ಬೆಳಿಗ್ಗೆ ಬಂದು ನೋಡಿದರೆ ಪರದೆಯ ಮೇಲೆ ಕೆಂಪು ಎಚ್ಚರಿಕೆ, ಕನ್ನಡ ಮಾಯ. ಮಾವಶಿ ಕೆಂಡವಾಗುತ್ತಿದ್ದರು.

"ಕಳ್ಳ ಅಂತದ ನೋಡs ಇದು! ಜೀವಮಾನದಾಗ ಮಂದಿ ಪೆನ್ನು ಸೈತ ಮುಟ್ಟಿದವರಲ್ಲ ನಮ್ಮ ಮನಿಯವ್ರು" ಎಂದು ಪರದೆಗೇ ಬೈಯುತ್ತಿದ್ದರು.

ಬೈದು ಸುಮ್ಮನಿರುತ್ತಿರಲಿಲ್ಲ. ಆಂಟಿವೈರಸ್ ಕಂಪನಿಗೆ ಆ ಫೈಲು ಕಳಿಸಿ, ಇದು ಕಳ್ಳನಲ್ಲ, ಪರೀಕ್ಷಿಸಿ ನೋಡಿ ಎಂದು ನಮ್ಮಿಂದ ಇಂಗ್ಲಿಷಿನಲ್ಲಿ ಬರೆಸುತ್ತಿದ್ದರು. ಕೆಲವರು ಒಪ್ಪಿ ಬಿಡುತ್ತಿದ್ದರು, ಮುಂದಿನ ಅಪ್‌ಡೇಟಿನಲ್ಲಿ ಮತ್ತೆ ಹಿಡಿಯುತ್ತಿದ್ದರು. ಕೊನೆಗೆ ಮಾವಶಿ ತಮ್ಮದೇ ಉಪಾಯ ಕಂಡುಕೊಂಡರು. ಪ್ರೋಗ್ರಾಂಗೆ ಒಂದು ಫೋಲ್ಡರ್ ಮಾಡಿ, ಆ ಫೋಲ್ಡರಿನೊಳಗೆ ಇಣುಕಬೇಡ ಎಂದು ಆಂಟಿವೈರಸ್‌ನ ವಿನಾಯಿತಿ ಪಟ್ಟಿಯಲ್ಲಿ ಬರೆಸುವುದು. ಟೈಪ್ ಮಾಡಿದ ಕಾಗದ, ಅಕ್ಷರಗಳ ಫೈಲು, ಎಲ್ಲವೂ ಅದರಲ್ಲೇ. "ಕನ್ನಡದ ಕೆಲಸ ಎಲ್ಲಾ ಅದರಾಗs ಇಡ್ರಿ. ಹೊರಗಿಟ್ರ ಮುಂಜಾನಿ ಇರಂಗಿಲ್ಲ" ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಹೇಳಿದಂತೆ ಎಲ್ಲರೂ ಮಾಡಿದರು. ಊರೂರಿನ ಕಂಪ್ಯೂಟರಿನಲ್ಲಿ ಅದಕ್ಕೆ ಮಾವಶಿ ಫೋಲ್ಡರ್ ಎಂದೇ ಹೆಸರು ಬಿತ್ತು.

ಮಾವಶಿಯ ಚೀಟಿಯ ಮೇಲೆಯೇ ನನಗೆ ಉದಗೀರಿನ ಒಂದು ಶಿಕ್ಷಣ ಸಂಸ್ಥೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮರಾಠಿ ಶಾಲೆ, ಕನ್ನಡ ಶಾಲೆ ಎರಡೂ ಅವರವು. ಸಂಸ್ಥೆಯ ಸೆಕ್ರೆಟರಿ ಬಟ್ಟೆ ವ್ಯಾಪಾರದ ಮನೆತನದವರು, ಮನೆಮಾತು ಕನ್ನಡ. ಸಮಾಧಾನದಲ್ಲಿದ್ದಾಗ ಕನ್ನಡ ಆಡುತ್ತಿದ್ದರು, ಸಿಟ್ಟು ಬಂದರೆ ಮರಾಠಿ. ನಾನು ಕೆಲಸ ಖಾಯಂ ಮಾಡಿ ಎಂದು ಕೇಳಿದ ದಿನ ಅವರು ಮರಾಠಿಯಲ್ಲಿ ಇಲ್ಲ ಎಂದರು. ಸ್ಟಾಫ್ ಎಲ್ಲ ಕೂತಿದ್ದ ಖೋಲಿ. ನನ್ನ ಬಾಯಿ ಕೇಳಬೇಕಲ್ಲ! "ಹಂಗಾರ ನನ್ನ ಬಿಟ್ಟು ಆಫೀಸ್ ನಡಸ್ರಿ, ನೋಡೂಣು" ಎಂದು ಎದ್ದುಬಂದೆ. ಮರುದಿನ ಸಿಟ್ಟು ಇಳಿದು ಮತ್ತೆ ಕೆಲಸಕ್ಕೆ ಹೋದೆ. ಅದೇ ವಾರ ಸಂಸ್ಥೆ ಹೊಸ ಆಂಟಿವೈರಸ್ ಹಾಕಿಸಿತು. ಹಾಕಿದ ಕೂಡಲೇ ಅದು ಕನ್ನಡ ಪ್ರೋಗ್ರಾಮನ್ನು ಹಿಡಿಯಿತು. ನಾನು ಎಂದಿನಂತೆ ಮಾವಶಿ ಫೋಲ್ಡರಿಗೆ ವಿನಾಯಿತಿ ಬರೆದೆ. ಆಗ ಅದು ಉಸಿರಾಡಿದಷ್ಟೇ ಸಹಜವಾದ ಕೆಲಸ.

ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಕಂಪ್ಯೂಟರ್ ತೆರೆದೆ. ಮಕ್ಕಳ ಅಂಕಗಳು, ಹಳೆಯ ದಾಖಲೆಗಳು, ಪ್ರಶ್ನೆಪತ್ರಿಕೆಗಳು, ಒಂದೂ ತೆರೆಯುತ್ತಿಲ್ಲ. ಪ್ರತಿ ಫೈಲಿನ ಹೆಸರಿನ ಬಾಲಕ್ಕೆ ಅರ್ಥವಿಲ್ಲದ ಅಕ್ಷರಗಳು. ನಡುವೆ ಒಂದು ಇಂಗ್ಲಿಷ್ ಒಕ್ಕಣೆ: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಬೇಕಾದರೆ ಹಣ ಕೊಡಿ.

ಸೆಕ್ರೆಟರಿ ಲಾತೂರಿನಿಂದ ಇಂಜಿನಿಯರನ್ನು ಕರೆಸಿದರು. ಆತ ಮಾತು ಕಡಿಮೆಯ, ಕೆಲಸ ಬಲ್ಲ ಮನುಷ್ಯ. ಕಂಪ್ಯೂಟರಿನ ಇಂಟರ್ನೆಟ್ ತಂತಿ ಬಿಚ್ಚಿ, ಬಹಳ ಹೊತ್ತು ನೋಡಿ, ಆಂಟಿವೈರಸ್‌ನ ಪುಟ ತೆರೆದು ಸೆಕ್ರೆಟರಿಗೆ ತೋರಿಸಿದ. ಒಂದು ಫೋಲ್ಡರನ್ನು ಕಾವಲಿನಿಂದ ಹೊರಗಿಟ್ಟಿದ್ದಾರೆ, ವೈರಸ್ ಎದ್ದದ್ದು ಅಲ್ಲಿಂದಲೇ, ಇದು ತಾನಾಗಿ ಆಗುವುದಲ್ಲ, ಯಾರೋ ಕೈಯಾರೆ ಮಾಡಿದ್ದು ಎಂದ. ಮಾಡಿದವರ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು. ತಾರೀಖು ನಾನು ಜಗಳವಾಡಿದ ವಾರದ್ದು.

"ಹೇ ತೂ ಕೇಲಂಸ್?" ಎಂದರು ಸೆಕ್ರೆಟರಿ. ಇದನ್ನು ಮಾಡಿದ್ದು ನೀನೇ ಏನು? ಮರಾಠಿ ಶುರುವಾಗಿತ್ತು.

"ನಾನs ಮಾಡೀನ್ರಿ. ಆದ್ರ ಅದು ಕನ್ನಡ ಟೈಪಿಂಗ್ ಸಲುವಾಗಿ..."

"ನನ್ನನ್ನು ಬಿಟ್ಟು ಆಫೀಸು ನಡೆಸಿ ನೋಡಿ ಅಂದವಳು ನೀನೇ ಅಲ್ಲವೇ?" ಎಂದು ಮರಾಠಿಯಲ್ಲೇ ಕೇಳಿದರು.

ನನ್ನ ಮಾತೇ ನನ್ನ ಕೊರಳಿಗೆ ಬಂದಿತ್ತು. ಸಿಟ್ಟಿನಿಂದ ಸಂಸ್ಥೆಯ ದಾಖಲೆ ಹಾಳು ಮಾಡಿದ್ದಾಳೆ ಎಂದು ಸಂಜೆ ಆಫೀಸು ಮುಚ್ಚುವುದರೊಳಗೆ ಪೊಲೀಸರಿಗೆ ದೂರು ಕೊಡುವುದಾಗಿ ಹೇಳಿದರು. ಅಲ್ಲಿಯವರೆಗೆ ಇಲ್ಲಿಂದ ಏಳಬೇಡ ಎಂದು ಗೋಡೆ ಪಕ್ಕದ ಬೆಂಚು ತೋರಿಸಿದರು. ಫೋಲ್ಡರಿಗೆ ವಿನಾಯಿತಿ ಕೊಡು ಎಂದು ಹೇಳಿಕೊಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಸಂಸ್ಥೆಯ ದೊಡ್ಡ ಟೈಪಿಂಗ್ ಕೆಲಸವೆಲ್ಲ ಮಾವಶಿಗೇ ಹೋಗುತ್ತಿತ್ತು, ಅವರ ಹೆಸರು ಎತ್ತಿ ಅದಕ್ಕೆ ಕಲ್ಲು ಹಾಕಲು ನನ್ನ ನಾಲಿಗೆ ಏಳಲಿಲ್ಲ. ಮೇಲಾಗಿ ಇದೂ ಎಂದಿನ ಸುಳ್ಳು ಎಚ್ಚರಿಕೆಯೇ, ಬೇರೆ ಎಲ್ಲಿಂದಲೋ ಬಂದ ವೈರಸ್ಸನ್ನು ನಮ್ಮ ಪ್ರೋಗ್ರಾಂ ತಲೆಗೆ ಕಟ್ಟುತ್ತಿದ್ದಾರೆ ಎಂದೇ ನಂಬಿದ್ದೆ. ಸೆರಗಿನ ಮರೆಯಲ್ಲಿ ಫೋನ್ ಹಚ್ಚಿದೆ.

"ಮಾವಶಿ, ನಮ್ಮ ಪ್ರೋಗ್ರಾಂಗ ಮತ್ತ ಕಳ್ಳ ಅನ್ನಾಕತ್ತಾರ. ನನಗೂ ಅನ್ನಾಕತ್ತಾರ. ನೀವು ಬಂದು ಹೇಳ್ರಿ."

"ಬರ್ತೀನಿ. ನೀ ಏನೂ ಮುಟ್ಟಬ್ಯಾಡ. ಮತ್ತ ಆ ಬಾಯಿ ಜರಾ ಮುಚ್ಚಿಟ್ಕೊ."

ಉಮರ್ಗಾದಿಂದ ನಿಲಂಗಾಕ್ಕೆ ಬಂದು, ಅಲ್ಲಿ ಬಸ್ ಬದಲಿಸಿ ಉದಗೀರಿಗೆ ಬರಬೇಕು. ಆ ಹೊತ್ತು ಹೇಗೆ ಕಳೆಯಿತೋ ಶಿವನಿಗೇ ಗೊತ್ತು. ಆಫೀಸಿನ ಸಿಪಾಯಿ ಚಹಾ ತಂದು ಎಲ್ಲರಿಗೂ ಕೊಟ್ಟು ನನ್ನ ಮುಂದಿನಿಂದ ತಟ್ಟೆ ತಿರುಗಿಸಿಕೊಂಡು ಹೋದ. ಪಕ್ಕದ ಮೇಜಿನಲ್ಲಿ ನನ್ನ ಮೇಲಿನ ದೂರನ್ನು ಬರೆಯುತ್ತಿದ್ದರು, 'ದ್ವೇಷದಿಂದ' ಎಂಬ ಮಾತು ಹಾಕಬೇಕೋ ಬೇಡವೋ ಎಂದು ಚರ್ಚೆ ನಡೆದಿತ್ತು. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಹುಡುಗಿಗೆ ಮಾಕಣಿಯಲ್ಲಿ ಅಪ್ಪನ ಮನೆ ಬಾಗಿಲೂ ಸಣ್ಣದಾಗುತ್ತದೆ. ನನಗೆ ಬಾಯಿ ಒಣಗಿತ್ತು, ನೀರು ಕೇಳಲೂ ಭಯ.

ಮಾವಶಿ ಒಳಗೆ ಬಂದದ್ದು ಯುದ್ಧಕ್ಕೆ ಬಂದಂತೆ. ಹೆಗಲಿಗೆ ಲ್ಯಾಪ್‌ಟಾಪಿನ ಚೀಲ, ಮುಖದ ತುಂಬ ದಾರಿಯ ಧೂಳು. ನೀರು ಕೊಟ್ಟರೆ ಬೇಡ ಎಂದರು. ನೇರ ಇಂಜಿನಿಯರನ ಮುಂದೆ ನಿಂತು, "ಆ ಪ್ರೋಗ್ರಾಂ ಕಳ್ಳ ಅಲ್ರೀ. ಕಂಪನಿ ಕಂಪನಿಗೆ ಬರದು ಸಾಕಾಗ್ಯಾದ ನನಗ. ಒಬ್ಬರು ಹೌದಂತಾರ, ಇನ್ನೊಬ್ಬರು ಅಲ್ಲಂತಾರ. ನೀವೂ ಅದನ್ನs ಹಿಡದೀರಿ ಏನು?" ಎಂದರು.

ಇಂಜಿನಿಯರ್ ಸಮಾಧಾನದಿಂದಲೇ ಉತ್ತರಿಸಿದ. ಪ್ರೋಗ್ರಾಂ ಕಳ್ಳ ಎಂದು ನಾನು ಹೇಳಿಲ್ಲ, ಅದರ ಫೋಲ್ಡರಿನಿಂದ ಕಾವಲು ತೆಗೆದವರು ಯಾರು ಎಂದಷ್ಟೇ ಕೇಳುತ್ತಿದ್ದೇನೆ ಎಂದ.

"ತೋರಸ್ರಿ" ಎಂದು ಮಾವಶಿ ಕೂತರು. ಬಳೆ ಏರಿಸಿಕೊಂಡರು. ಫೋಲ್ಡರಿನ ಪಟ್ಟಿ ಪರದೆಗೆ ಬಂತು. ತಮ್ಮ ಲ್ಯಾಪ್‌ಟಾಪಿನಲ್ಲಿದ್ದ ಯಜಮಾನರ ಮೂಲ ಪ್ರತಿಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ ನೋಡಿದರು. ದಾಖಲೆಗಳಿಗೆ ಬಿದ್ದ ಬೀಗ ಪ್ರೋಗ್ರಾಂಗೆ ಬಿದ್ದಿರಲಿಲ್ಲ, ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. "ನೋಡ್ರಿ!" ಎಂದು ಗೆದ್ದವರ ದನಿಯಲ್ಲಿ ಹೇಳಿದರು. ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಅವರು ಪಟ್ಟಿಯನ್ನು ಇನ್ನೂ ಕೆಳಗೆ ಸರಿಸಿದರು. ಅಲ್ಲಿ ಕೈ ನಿಂತಿತು. 'ಹೊಸ ಕನ್ನಡ ಅಕ್ಷರಗಳು' ಎಂಬ ಒಂದು ಫೈಲು ಅಲ್ಲಿತ್ತು. ಅಕ್ಷರಗಳ ಹೆಸರಿಟ್ಟುಕೊಂಡಿತ್ತು, ಒಳಗೆ ಇದ್ದದ್ದು ಅಕ್ಷರವಲ್ಲ, ತೆರೆದ ಕೂಡಲೇ ತಾನೇ ಓಡುವ ಪ್ರೋಗ್ರಾಂ. ಯಾರೋ ಅಂತರ್ಜಾಲದಿಂದ ಇಳಿಸಿ ತಂದು ಮಾವಶಿ ಫೋಲ್ಡರಿನಲ್ಲಿ ಇಟ್ಟಿದ್ದರು. ಬೇರೆಲ್ಲೇ ಇಟ್ಟಿದ್ದರೂ ಆಂಟಿವೈರಸ್ ಅದನ್ನು ಬಾಗಿಲಲ್ಲೇ ಹಿಡಿಯುತ್ತಿತ್ತು. ಇಲ್ಲಿ ಹಿಡಿಯಲಿಲ್ಲ. ಇಲ್ಲಿ ಇಣುಕಬೇಡ ಎಂದು ಹೇಳಿದ್ದೆವಲ್ಲ.

ಅವರ ಬೆನ್ನಿನ ಹಿಂದೆ ನಿಂತಿದ್ದ ನನಗೂ ಅದು ಆಗಲೇ ಹೊಳೆಯಿತು. ಇಷ್ಟು ವರ್ಷ ಸುಳ್ಳೇ ಕೂಗುತ್ತಿದೆ ಎಂದು ಅದರ ಬಾಯಿ ಕಟ್ಟಿದ್ದೆವು. ಖರೆ ಕಳ್ಳ ಬಂದಾಗ ಅದು ಸುಮ್ಮನೆ ಕೂತಿತ್ತು.

ಸೆಕ್ರೆಟರಿ ಕುರ್ಚಿ ಎಳೆದುಕೊಂಡು ಮಾವಶಿಯ ಹತ್ತಿರ ಕೂತರು. ದನಿ ಇಳಿಸಿ ಕನ್ನಡದಲ್ಲಿ ಕೇಳಿದರು: "ಮಾವಶಿ, ನಿಮ್ಮ ಮ್ಯಾಲ ನಮಗ ಭರೋಸಾ ಅದ. ಅದಕ್ಕs ಕೇಳ್ತೀನಿ. ಕನ್ನಡ ಟೈಪ್ ಮಾಡ್ಬೇಕಂದ್ರ ಇಡೀ ಫೋಲ್ಡರಿಗಿ ಕಾವಲು ತೆಗೀಬೇಕಂತ ಜರೂರ ಅದ ಏನ್ರೀ?"

ಇದಕ್ಕೆ ಖರೆ ಉತ್ತರ 'ಇಲ್ಲ' ಎಂಬುದು. ಆ ಒಂದೇ ಪ್ರೋಗ್ರಾಂಗೆ ವಿನಾಯಿತಿ ಕೊಟ್ಟಿದ್ದರೆ ಸಾಕಿತ್ತು, ಇಡೀ ಫೋಲ್ಡರ್ ಬಿಡಬೇಕಿರಲಿಲ್ಲ. ಮಾವಶಿ 'ಇಲ್ಲ' ಎಂದು ಹೇಳಿ ಎದ್ದರೆ ಅವರ ಹೆಸರು ಉಳಿಯುತ್ತದೆ, ಯಜಮಾನರ ಪ್ರೋಗ್ರಾಂ ಉಳಿಯುತ್ತದೆ, ಸಂಸ್ಥೆಯ ಕೆಲಸ ಉಳಿಯುತ್ತದೆ. ನಾನು ಮುಗಿಯುತ್ತೇನೆ.

"ಇಲ್ರೀ, ಜರೂರ ಇಲ್ಲ" ಎಂದರು ಮಾವಶಿ.

ದೂರು ಬರೆಯುತ್ತಿದ್ದವನು ತಲೆ ಎತ್ತಿ ನನ್ನನ್ನು ನೋಡಿದ.

"ಜರೂರ ಇಲ್ಲ. ಆದ್ರ ನಾ ಹೇಳಿದ್ದೆ" ಎಂದು ಅವರು ಮುಂದುವರಿಸಿದರು. "ಇಡೀ ಫೋಲ್ಡರ್ ಬಿಡು ಅಂತ ಈಕಿಗಿ ಹೇಳಿದಾಕಿ ನಾ. ಏನಿದ್ರೂ ಅದರಾಗs ಇಡು ಅಂತ ಹೇಳಿದಾಕಿನೂ ನಾ. ದಿನಾ ಒಂದೊಂದು ಬಿಡಸೂದು ಬ್ಯಾಸರಾಗಿ ಹಂಗ ಮಾಡಿದೆ. ಬಾಗಿಲ ತಗದಾಕಿ ನಾ, ಈಕಿ ಅಲ್ಲ."

ಇಂಜಿನಿಯರ್ ತಲೆ ಆಡಿಸಿದ. ಇವಳು ನಿಮ್ಮ ಶಿಷ್ಯೆ, ಉಳಿಸಲು ಹೇಳುತ್ತಿದ್ದೀರಿ ಎಂದ. ಸೆಕ್ರೆಟರಿಗೂ ಹಾಗೇ ಅನಿಸಿರಬೇಕು, ಮುಖ ಮತ್ತೆ ಬಿಗಿಯಿತು.

"ನನ್ನ ಮಾತ ನಂಬಬ್ಯಾಡ್ರಿ" ಎಂದರು ಮಾವಶಿ. "ಲೋಹಾರಾದ ಕನ್ನಡ ಶಾಳಿಗಿ ಫೋನ್ ಹಚ್ರಿ. ಎಲ್ಲಾರಿಗೂ ಕೇಳೂಹಂಗ ಇಡ್ರಿ. ನಾ ಇಲ್ಲಿ ಕುಂತೀನಂತ ಹೇಳಬ್ಯಾಡ್ರಿ."

ಸೆಕ್ರೆಟರಿಯೇ ಹಚ್ಚಿದರು. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದರು. ಮಾವಶಿ ಕಣ್ಣು ಮುಚ್ಚಿ ಕೊರಳಿನ ಲಿಂಗದ ಮೇಲೆ ಕೈ ಇಟ್ಟುಕೊಂಡಿದ್ದರು. ಕೊನೆಗೆ ಅಲ್ಲಿಯ ಕ್ಲಾರ್ಕ್ ಎತ್ತಿದ.

"ನಿಮ್ಮ ಕಂಪ್ಯೂಟರಿನಾಗ ಕನ್ನಡ ಟೈಪಿಂಗ್ ಫೋಲ್ಡರಿಗಿ ಆಂಟಿವೈರಸ್ ಅದ ಏನ್ರೀ?" ಎಂದು ಸೆಕ್ರೆಟರಿ ಕೇಳಿದರು.

"ಮಾವಶಿ ಫೋಲ್ಡರ್ ಏನ್ರೀ?" ಆ ಕಡೆಯವನು ನಕ್ಕ. "ಅದರೊಳಗ ಅದನ್ನ ಬಿಡಂಗs ಇಲ್ರೀ. ಮಾವಶೀದು ಹುಕುಂ ಅದ. ಅದರಾಗ ಏನರೆ ಇಡ್ರಿ, ಯಾರೂ ಕೇಳಂಗಿಲ್ಲ. ನಮ್ಮ ಹುಡುಗಿ ಲಗ್ನದ ಫೋಟೋ ಸೈತ ಅದರಾಗs ಇಟ್ಟೀನ್ರಿ, ಅಗದಿ ಸೇಫ್!"

ಯಾರೂ ನಗಲಿಲ್ಲ. ಮಾವಶಿ ಏರಿಸಿಕೊಂಡಿದ್ದ ಬಳೆಗಳನ್ನು ಒಂದೊಂದಾಗಿ ಕೆಳಗಿಳಿಸಿದರು. ಫೋನ್ ಇಟ್ಟ ಮೇಲೆ ಸೆಕ್ರೆಟರಿ, ಅದೇ ಕಂಪ್ಯೂಟರಿನಲ್ಲಿ ಪ್ರಶ್ನೆಪತ್ರಿಕೆ ಮಾಡುತ್ತಿದ್ದ ನಮ್ಮ ಸಂಸ್ಥೆಯ ಕನ್ನಡ ಶಾಲೆಯ ಮಾಸ್ತರರನ್ನು ಕರೆಸಿದರು. ಅಕ್ಷರಗಳ ಫೈಲು ತಂದು ಹಾಕಿದ್ದು ನಾನೇ, ಚಂದದ ಅಕ್ಷರ ಸಿಕ್ಕವು ಅಂತ ತೆರೆದೆ, ಮಾವಶಿ ಫೋಲ್ಡರಿನಲ್ಲಿ ಇಟ್ಟರೆ ಏನೂ ಆಗುವುದಿಲ್ಲ ಅಂದುಕೊಂಡೆ ಎಂದು ಆ ಪಾಪದ ಮನುಷ್ಯ ಬೆವರುತ್ತ ಹೇಳಿದರು. ಸೆಕ್ರೆಟರಿ ನನ್ನ ಮೇಲಿನ ದೂರಿನ ಕಾಗದವನ್ನು ಹರಿದರು. ನನ್ನ ಕಡೆ ನೋಡದೆ, "ನಾಳಿ ಟೈಮಿಗಿ ಬಾ, ಮಾರ್ಕ್ಸ್ ಎಲ್ಲಾ ಮತ್ತ ತುಂಬೂದದ" ಎಂದರು. ಕನ್ನಡದಲ್ಲೇ ಹೇಳಿದರು.

ಹೊರಗೆ ಮೆಟ್ಟಿಲ ಮೇಲೆ ನನಗೆ ಅಳು ಬಂತು, ಅಳುವಿನ ಜೊತೆ ಸಿಟ್ಟೂ ಬಂತು. "ಇಷ್ಟೆಲ್ಲಾ ಯಾಕ ಹೇಳ್ಬೇಕಿತ್ತು ನೀವು? ನಿಮ್ಮನ್ನ ಯಾರು ಕೇಳಿದ್ರು? ಇಲ್ಲ ಅಂದು ಸುಮ್ಮ ಕುಂತಿದ್ರ ನಿಮ್ಮ ಹೆಸರು ಉಳೀತಿತ್ತಲ್ಲ" ಎಂದು ರಸ್ತೆಗೆ ಕೇಳುವಂತೆ ಕೂಗಾಡಿದೆ.

"ಉಳೀತಿತ್ತು" ಎಂದರು ಮಾವಶಿ. "ನಿಂದು ಹೋಗ್ತಿತ್ತು." ಮೆಟ್ಟಿಲು ಇಳಿಯುತ್ತ, "ಚಾ ಕುಡದಿ ಏನು?" ಎಂದು ಕೇಳಿದರು. ಕೊಡಲಿಲ್ಲ ಎಂದೆ. ಬಸ್ ಸ್ಟ್ಯಾಂಡಿನಲ್ಲಿ ನನಗೆ ಚಹಾ ಕುಡಿಸಿ, ಬಿಸ್ಕತ್ತು ತಿನ್ನಿಸಿ ಆಮೇಲೆಯೇ ಬಸ್ ಹತ್ತಿದರು.

ಮರುದಿನದಿಂದಲೇ ಅವರು ಊರೂರು ತಿರುಗಲು ಹೊರಟರು. ಲೋಹಾರಾ, ನಿಲಂಗಾ, ಜಳಕೋಟ, ಎಲ್ಲೆಲ್ಲಿ ಆ ಫೋಲ್ಡರ್ ಇತ್ತೋ ಅಲ್ಲೆಲ್ಲ ಹೋಗಿ ವಿನಾಯಿತಿ ತೆಗೆಸಿದರು. ಅಷ್ಟೇ ಅಲ್ಲ, ಪ್ರೋಗ್ರಾಮನ್ನೇ ತೆಗೆಸಿದರು. ರಜೆಯ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ಅದೊಂದಕ್ಕೆ ಮಾತ್ರ ವಿನಾಯಿತಿ ಕೊಟ್ಟು ಇಟ್ಟುಕೊಳ್ಳಬಹುದಲ್ಲ ಎಂದು ನಾನು ಜಗಳ ತೆಗೆದೆ.

"ಮತ್ತ ಅಪ್‌ಡೇಟ್ ಬರ್ತದ, ಮತ್ತ ಹಿಡೀತದ, ಮಂದಿ ಬ್ಯಾಸತ್ತು ಮತ್ತ ಇಡೀ ಫೋಲ್ಡರ್ ಬಿಡ್ತಾರ" ಎಂದರು. "ಅವರು ಇದ್ದಿದ್ರ ತಿದ್ದತಿದ್ರು. ಈಗ ಇದಕ್ಕ ಹೇಳೋರಿಲ್ಲ ಕೇಳೋರಿಲ್ಲ. ಕಂಪ್ಯೂಟರಿನಾಗs ಕನ್ನಡ ಬರ್ತದ ಈಗ, ಅದನ್ನ ಕಲೀರಿ."

ಯಾವ ಆಂಟಿವೈರಸ್ ತಗೊಳ್ಳಲಿ ಎಂದು ಕೇಳಿದವರಿಗೆ ಅವರ ಉತ್ತರ ಒಂದೇ. "ಬರೇ ಕೂಗೂದು ಬ್ಯಾಡ. ಯಾಕ ಹಿಡದಿ ಅಂತ ಕೇಳಿದ್ರ ಹೇಳ್ಬೇಕು. ತಪ್ಪಾಗಿ ಹಿಡದಿದ್ರ ಅದೊಂದನ್ನs ಬಿಡಾಕ ಬರ್ಬೇಕು. ಒಂದs ಹಾಕ್ರಿ, ಎರಡು ಹಾಕಿದ್ರ ಅವವs ಬಡದಾಡ್ತಾವ. ಮತ್ತ ಅದು ಕೂಗಿದಾಗ, ಬೈಯೂದಕ್ಕಿಂತ ಮೊದಲು ಎದ್ದು ಹೋಗಿ ನೋಡ್ರಿ. ನಾ ನೋಡಲಿಲ್ಲ."

ಜನ ಮಾತ್ರ ಬೇರೆಯೇ ಆಡಿಕೊಂಡರು. ಮಾವಶಿಯ ಪ್ರೋಗ್ರಾಂನಿಂದಲೇ ವೈರಸ್ ಬಂತಂತೆ ಎಂಬ ಸುದ್ದಿ ಅವರಿಗಿಂತ ಮುಂದೆ ಊರು ಸೇರಿತ್ತು. ಪ್ರೋಗ್ರಾಂ ನಿರ್ದೋಷಿ ಎಂದು ಸಿಕ್ಕವರಿಗೆಲ್ಲ ಹೇಳಿ ಹೇಳಿ ನನ್ನ ಗಂಟಲು ಹರಿಯಿತು. ಉದಗೀರಿನ ಸಂಸ್ಥೆ ಟೈಪಿಂಗ್ ಕೆಲಸ ಬೇರೆಯವರಿಗೆ ಕೊಟ್ಟಿತು. ಕ್ಲಾಸಿಗೆ ಬರುವ ಹುಡುಗಿಯರೂ ಕಡಿಮೆಯಾದರು. ನಾನು ಮಾತ್ರ ಅದೇ ಆಫೀಸಿನಲ್ಲಿ ಉಳಿದೆ, ಮುಂದೆ ಖಾಯಂ ಕೂಡ ಆದೆ.

ಮಾವಶಿ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅದಕ್ಕೆ ಕೆಲವು ದಿನ ಮೊದಲು ಬಾ ಎಂದು ಫೋನ್ ಮಾಡಿಸಿದ್ದರು. ಹಾಸಿಗೆಯಲ್ಲಿ ಒರಗಿಕೊಂಡು, ಮೇಜಿನ ಮೇಲಿದ್ದ ತಮ್ಮ ಕಂಪ್ಯೂಟರ್ ತೋರಿಸಿದರು. ಎಲ್ಲ ಕಡೆ ತೆಗೆಸಿದ ಆ ಪ್ರೋಗ್ರಾಂ ಅವರ ಕಂಪ್ಯೂಟರಿನಲ್ಲಿ ಇನ್ನೂ ಇತ್ತು.

"ನನ್ನ ಕೈಲೆ ಆಗಲಿಲ್ಲ. ನೀ ತೆಗಿ" ಎಂದರು.

"ಇದೊಂದಿರಲಿ ಮಾವಶಿ. ಇದರ ಮ್ಯಾಲ ಯಾರು ಬಂದು ಕೂಡ್ತಾರ ಈಗ?"

"ನನ್ನ ಹಿಂದ ಯಾರರೆ ಒಯ್ತಾರ, ಯಾರರೆ ತೆರೀತಾರ. ಮಂದಿ ಮನ್ಯಾಗಿಂದು ತೆಗಿಸಿ ನಂದಷ್ಟs ಹ್ಯಾಂಗ ಇಟ್ಕೊಳ್ಲಿ? ತೆಗಿ."

ವಿನಾಯಿತಿ ಪಟ್ಟಿಯಿಂದ ಫೋಲ್ಡರಿನ ಹೆಸರು ಅಳಿಸಿದೆ. ಆಂಟಿವೈರಸ್ ತಡ ಮಾಡಲಿಲ್ಲ. ಕೆಂಪು ಎಚ್ಚರಿಕೆ ಬಂತು, ಅಳಿಸಲೇ ಎಂದು ಕೇಳಿತು. ಒತ್ತಿದೆ.

"ಹೋತೇನು?" ಮಾವಶಿ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು.

"ಹೋತ್ರಿ."

ನಾನು ಹತ್ತಿರ ಹೋಗಿ ಕಾಲ ಬಳಿ ಕೂತೆ. ಈ ರಾತ್ರಿ ಇಲ್ಲೇ ಇರುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು.

"ಬ್ಯಾಡ. ನಿಲಂಗಾ ಬಸ್ ಸಿಗ್ತದ ಇನ್ನಾ. ಹೋಗು, ನಾಳಿ ನಿನಗ ಕೆಲಸ ಅದ."